ಚಾದರ ಹಾಸುವ ಕೆಲಸ

ನೇರಳೆ ಪಟ್ಟಿಯವರು ಈ ಕಡೆ ಬನ್ನಿ,
ಬಿಳಿ ಪಟ್ಟಿಯವರು ಅಲ್ಲೇ ಇರಿ.
ಬೆಳಗಿನಿಂದ ನನ್ನ ಬಾಯಲ್ಲಿ ಇವೆರಡೇ ಮಾತು,
ಹಿಂದಿಯಲ್ಲಿ, ಮರಾಠಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ.
ಕನ್ನಡದಲ್ಲಿ ಹೇಳುವ ಪ್ರಸಂಗ ಬಂದಿರಲಿಲ್ಲ.

ಬ್ಯಾಲಾರ್ಡ್ ಪಿಯರ್. ಹನ್ನೊಂದೂವರೆ.
ಗಾಜಿನಾಚೆ ನಿಂತಿರುವುದು ಹಡಗು ಅನ್ನಿಸುವುದಿಲ್ಲ,
ಕಾಂದಿವಲಿಯ ನಮ್ಮ ಬಿಲ್ಡಿಂಗನ್ನೇ ಅಡ್ಡ ಮಲಗಿಸಿ
ಸುಣ್ಣ ಬಳಿದ ಹಾಗಿದೆ. ಅಷ್ಟೊಂದು ಬಾಲ್ಕನಿ,
ಒಂದರಲ್ಲೂ ಒಣಹಾಕಿದ ಬಟ್ಟೆಯಿಲ್ಲ.

ನೇರಳೆಯವರಿಗೆ ಬೇರೆ ಕೋಣೆ.
ಸೋಫಾ, ಸೌತೆಕಾಯಿ ಹೋಳು ತೇಲುವ ನೀರು,
ಬೆರಳುದ್ದದ ಸ್ಯಾಂಡ್‌ವಿಚ್ಚು.
ಅವರು ಕಾಯುವುದೂ ಕಾಯುವುದೇ,
ಕಾಯುತ್ತಿದ್ದೇವೆ ಅನ್ನಿಸಬಾರದು ಅಷ್ಟೆ,
ದುಡ್ಡು ಅದಕ್ಕೆ.
‘ನಮ್ಮದು ಪ್ರಯಾರಿಟಿ, ಇನ್ನೂ ಯಾಕೆ ಬಿಟ್ಟಿಲ್ಲ?’
ಲಿನನ್ ಅಂಗಿಯವರೊಬ್ಬರು ಕೇಳುತ್ತಾರೆ.
ಸರ್, ನೀವು ಎಲ್ಲರಿಗಿಂತ ಮೊದಲು ಕಾಯಲು ಶುರುಮಾಡಿದ್ದೀರಿ,
ಅನ್ನುವುದಿಲ್ಲ. ಐದು ನಿಮಿಷ, ಅನ್ನುತ್ತೇನೆ.

ನನ್ನ ಬ್ಯಾಡ್ಜಿನಲ್ಲಿ ‘ಜಲಜಾ ಟಿ.’ ಅಂತ ಇದೆ.
ತಿಂಗಳಾಯ ಅದರಲ್ಲಿ ಹಿಡಿಸಲಿಲ್ಲ.

ನನ್ನಜ್ಜ ಗುರುವ ತಿಂಗಳಾಯ
ಇದೇ ದಂಡೆಯಲ್ಲಿ, ಎರಡು ಮೈಲಿ ಮೇಲೆ,
ಭಾವುಚಾ ಧಕ್ಕೆಯಲ್ಲಿ ಚಾದರ ಹಾಸುತ್ತಿದ್ದ.
ನಗಬೇಡಿ, ಅದೊಂದು ಕೆಲಸ.
ಪಣಜಿಯ ಆಗಬೋಟಿಗೆ ಹಲಗೆ ಇಳಿಯುವ ಮುಂಚೆಯೇ
ಹಗ್ಗ ಹಿಡಿದು ಹತ್ತಿ
ಬಗಲಿನ ಐದಾರು ಚಾದರ ಡೆಕ್ಕಿನ ಮೇಲೆ ಬೀಸುವುದು:
ಇದು ಲೋಬೊ ಮಾಸ್ತರರದ್ದು,
ಇದು ಹಸಿ ಬಾಣಂತಿಯದ್ದು,
ಇದು ಇಂಜಿನ್ನಿನ ಕಾವು ತಾಗದ ಮೂಲೆ, ನಾಲ್ಕಾಣೆ ಜಾಸ್ತಿ.
ಗಾಳಿಗೆ ಏಳದಂತೆ ನಾಲ್ಕು ತುದಿಗೆ ನಾಲ್ಕು ಚಪ್ಪಲಿ.
ಯಾರದೋ ಚಪ್ಪಲಿ.
ಹಾಸಿದ ಚಾದರವನ್ನು ಪೊಲೀಸನೂ ತುಳಿಯುತ್ತಿರಲಿಲ್ಲವಂತೆ.

ಒಮ್ಮೆ ಗಿರಾಕಿ ಬರಲೇ ಇಲ್ಲ.
ಹಾಸಿದ್ದು ಬಿಟ್ಟುಕೊಡಲು ಮನಸ್ಸಾಗದೆ
ತಾನೇ ಅದರ ಮೇಲೆ ಕೂತ, ಬೋಟು ಹೊರಟೇಬಿಟ್ಟಿತು.
ಹರ್ಣೈಯಲ್ಲಿ ಇಳಿಸಿದರು. ನಡೆದು, ಲಾರಿ ಹತ್ತಿ,
ನಾಲ್ಕನೇ ದಿನ ಮನೆಗೆ.
ಸಾವಿರ ಜನಕ್ಕೆ ಗೋವೆಯ ದಾರಿಯಲ್ಲಿ ಜಾಗ ಹಿಡಿದವನು
ಗೋವೆ ನೋಡಲಿಲ್ಲ.
ನನ್ನ ಪಾಸೂ ಅಷ್ಟೆ, ಹಲಗೆಯ ಈಚೆಗೆ ಮುಗಿಯುತ್ತದೆ.

ವಾಕಿಟಾಕಿ ಕರಕರ ಅಂದಿತು:
‘ಹಾಲ್‌ನಲ್ಲಿ ಯಾರೋ ನೆಲದ ಮೇಲೆ ಕೂತಿದ್ದಾರೆ, ಎಬ್ಬಿಸು,
ಫೋಟೋದವರು ಬರುತ್ತಾರೆ.’

ಹೋದೆ. ಗುಂಪು ಇಪ್ಪತ್ತೆರಡು, ಬಿಳಿ ಪಟ್ಟಿ.
ಹನ್ನೊಂದು ಹೆಂಗಸರು, ಸೊಲ್ಲಾಪುರದವರು,
ಖಡಕ್ ರೊಟ್ಟಿ ಮಾರಿ ಕೂಡಿಟ್ಟ ದುಡ್ಡು.
ಕುರ್ಚಿ ಖಾಲಿ ಇದ್ದವು. ಆದರೂ
ಕಂಬದ ಪಕ್ಕ ಅಗಲಕ್ಕೆ ಹಾಸಿದ್ದರು
ಕೆಂಪು ನವಿಲಿನ ಸೊಲ್ಲಾಪುರಿ ಚಾದರ.
ನಡುವೆ ಶೇಂಗಾ ಚಟ್ನಿಯ ಡಬ್ಬಿ.
ಎ.ಸಿ. ಗಾಳಿಗೆ ಒಂದು ತುದಿ
ಏಳುತ್ತಿತ್ತು, ಬೀಳುತ್ತಿತ್ತು.

‘ಬಾಯಿ,’ ಅಂತ ಮರಾಠಿಯಲ್ಲಿ ಶುರುಮಾಡಿದೆ.
ಹಿರಿಯಳು ನನ್ನ ಕಡೆ ನೋಡದೆ ಪಕ್ಕದವಳಿಗೆ ಅಂದಳು:
‘ಕುಂದರ ನೀಲವ್ವ, ಏಳಬ್ಯಾಡ.
ಈಕಿ ಎಬ್ಬಸಾಕ ಬಂದಾಳ,
ಮಾರಿ ನೋಡಿದ್ರ ಎಬ್ಬಸಾಕಿ ಅಲ್ಲ.’

ಹಿಂದೆ ಎಲ್ಲೋ ಹದಿನಾಲ್ಕನೇ ಗುಂಪನ್ನು ಕರೆದರು.
ನೇರಳೆಯವರು ಆಗಲೇ ಹತ್ತಿಯಾಗಿತ್ತು,
ಮೇಲಿನ ಬಾಲ್ಕನಿಯಲ್ಲಿ ಲಿನನ್ ಅಂಗಿ ಒಂದು ಚುಕ್ಕೆ.
ವಾಕಿಟಾಕಿಯಲ್ಲಿ ನನ್ನ ಹೆಸರು,
ಟಿ ಕೂಡ ಇಲ್ಲ ಈಗ, ಬರೀ ಜಲಜಾ, ಜಲಜಾ.

‘ಆ ತುದಿಗೊಂದು ಚಪ್ಪಲಿ ಇಡಿ ಅಕ್ಕ,’ ಅಂದೆ,
‘ಹಾರ್ತಾ ಉಂಟು.’